ಬಾತು ಕಾದ ಬೀಗರು

ಅಪ್ಪನ ಬಲಗಣ್ಣಿನ ಪೊರೆ ತೆಗೆಸಿದ್ದು ದೀಪಾವಳಿ ಕಳೆದ ಮೇಲೆ, ಮಂಡ್ಯದಲ್ಲಿ. ಮಳವಳ್ಳಿ ಕಡೆಯ ನನ್ನ ತವರಿನಲ್ಲಿ ಆಗ ಭತ್ತದ ಕೊಯ್ಲು ಹತ್ತಿರವಾಗಿತ್ತು. ಅಣ್ಣ ಅತ್ತಿಗೆ ಗದ್ದೆಯಲ್ಲಿ, ಅವ್ವ ಆಳುಗಳ ಅಡುಗೆಯಲ್ಲಿ ಮುಳುಗಿರುತ್ತಾರೆ, ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಬಿಡುವವರು ಯಾರು ಎಂದು ನಾನೇ ಅಪ್ಪನನ್ನು ನಮ್ಮ ಮನೆಗೆ ಕರೆತಂದೆ. ನಮ್ಮ ಮನೆ ಎಂದರೆ ಗಂಡನ ಮನೆ. ಕೆರಗೋಡಿನಿಂದ ಸ್ವಲ್ಪ ಒಳಗೆ, ಕೆರೆ ಏರಿಯ ಕೆಳಗಿನ ಊರು. ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಗಂಡನ ಕೆಲಸವೂ ಮಂಡ್ಯದಲ್ಲೇ. ಹಗಲೆಲ್ಲ ಮನೆಯಲ್ಲಿ ಇರುವವರು ಅತ್ತೆ ಮಾವ ಇಬ್ಬರೇ. ಅವರ ನಡುವೆ ಅಪ್ಪನನ್ನು ಬಿಟ್ಟುಹೋಗಲು ನನಗೆ ಅಳುಕು.

ಅಳುಕಿಗೆ ಕಾರಣ ಉಪ್ಪು. ನನ್ನ ಮದುವೆಯಾದ ಮೇಲೆ ತವರಿನವರು ಕೊಟ್ಟ ಬೀಗರೂಟದಲ್ಲಿ, ಎಲೆಯ ಮುಂದೆ ಕೂತ ಮಾವ, ಇಡೀ ಪಂಕ್ತಿಗೆ ಕೇಳುವ ಹಾಗೆ, "ಇತ್ಲಾಗೊಸಿ ಉಪ್ ತತ್ತಾ" ಎಂದು ಕೂಗಿದ್ದರಂತೆ. ಕೂಗಿದ್ದು ಅಷ್ಟೇ. ಆದರೆ ಸಾರಿಗೆ ಉಪ್ಪು ನೋಡಿ ಹಾಕಿಸಿದ್ದು ಖುದ್ದು ಅಪ್ಪ. ಅಂದಿನಿಂದ ಇಬ್ಬರೂ ಎದುರಾದರೆ, "ಚೆನ್ನಾಗಿದ್ದೀರಾ ಬೀಗ್ರೇ?" "ಮಳೆ ಆಯ್ತಾ ಬೀಗ್ರೇ?" ಎಂಬ ಎರಡು ಮಾತು. ಆಮೇಲೆ ಒಬ್ಬರು ಗೋಡೆ ಕಡೆಗೆ, ಇನ್ನೊಬ್ಬರು ಬೀದಿ ಕಡೆಗೆ ಮುಖ. ಇಬ್ಬರದೂ ಎಪ್ಪತ್ತು ದಾಟಿದ ವಯಸ್ಸು, ಒಂದೇ ತರದ ಹಟ.

ಅಪ್ಪ ಬಂದ ಮರುದಿನ ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂರಿಸಿಕೊಂಡು ಅವನ ಕಣ್ಣಿಗೆ ಹನಿ ಬಿಡುತ್ತಿದ್ದೆ. ಮಾವ ಅತ್ತ ತಿರುಗಿ ಕಾಫಿ ಕುಡಿಯುತ್ತಿದ್ದರು. ತಲೆಯ ಮೇಲೆ ಏನೋ ಸುಂಯ್ ಎಂದು ಹಾದುಹೋಯಿತು. ಕಣ್ಣು ಮುಚ್ಚಿಕೊಂಡೇ ಇದ್ದ ಅಪ್ಪ, "ವರಟೆ. ಜೋಡಿ" ಅಂದ.

ಮಾವ ಲೋಟ ಕೆಳಗಿಟ್ಟರು.

"ಬೀಗ್ರೇ, ಬಾತು ಅಂತ ಎಂಗೆ ಗೊತ್ತಾಯ್ತು?"

"ರೆಕ್ಕೆ ಸದ್ದು ಕಣ್ರೀ. ನಮ್ಮೂರ್ ಕೆರೇಲಿ ಎಷ್ಟ್ ವರ್ಸ ಕುಂತಿವ್ನಿ ಕೋವಿ ಇಡ್ಕೊಂಡು."

"ಕೋವಿ ಇತ್ತಾ ನಿಮ್ತಾವ?"

"ಇತ್ತು. ಕೇಪಿನ ಕೋವಿ. ಬೇಟೆ ಆಡ್ಬಾರ್ದು ಅಂತ ಕಾನೂನು ಬಂದ್ಮೇಲೆ ಟೇಸನ್ನಿಗೆ ಕೊಟ್ಬುಟ್ಟೆ."

ಮಾವ ಎದ್ದು ಬಂದು ಅಪ್ಪನ ಪಕ್ಕದಲ್ಲೇ ಕೂತರು. ನಾನು ಹನಿ ಬಾಟಲಿಯ ಮುಚ್ಚಳ ಹಾಕುವುದನ್ನೂ ಮರೆತು ನೋಡುತ್ತಾ ನಿಂತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮಾವ ಹರೆಯದಲ್ಲಿ ಬಾತು ಹಿಡಿಯುತ್ತಿದ್ದರು ಎಂದು ನನಗೆ ಗೊತ್ತಾಗಿತ್ತು; ಅಪ್ಪ ಬಾತು ಹೊಡೆಯುತ್ತಿದ್ದ ಎಂದು ಹುಟ್ಟಿದಾಗಿನಿಂದ ಗೊತ್ತಿತ್ತು. ಈ ಎರಡನ್ನೂ ಜೋಡಿಸಿ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಆವತ್ತೇ ಇಬ್ಬರೂ ಏರಿ ಹತ್ತಿದರು. ಅಪ್ಪನಿಗೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ, ಮಾವನಿಗೆ ತಲೆಗೆ ಸುತ್ತಿದ ಟವೆಲ್ಲು. ತೂಬಿನ ಪಕ್ಕದ ಹುಣಸೆಮರದ ಕೆಳಗೆ ಒಂದು ಚಪ್ಪಡಿ ಕಲ್ಲಿದೆ. ಅಲ್ಲಿ ಕೂತು ಪರಸ್ಥಳದ ಬಾತುಗಳಿಗೆ ಕಾಯುವುದು ಅವರ ದಿನದ ಕೆಲಸವಾಯಿತು. ವರಟೆ ಊರಿನದೇ ಬಾತು, ವರ್ಷವಿಡೀ ಇರುತ್ತದೆ, ಅದಕ್ಕೆ ಅವರ ಲೆಕ್ಕದಲ್ಲಿ ಮರ್ಯಾದೆ ಕಡಿಮೆ. ಅವರು ಕಾಯುತ್ತಿದ್ದುದು ಚಳಿಗಾಲಕ್ಕೆ ಬಡಗಣ ದೇಶಗಳಿಂದ ಹಾರಿಬರುವ ಸೂಜಿಬಾಲದ ಬಾತುಗಳಿಗೆ, ಅವುಗಳ ಹಿಂದೆಯೇ ಬರುವ ಸಣ್ಣ ಬಾತುಗಳಿಗೆ. ನಾನು ಸಂಜೆ ಕೆಲಸದಿಂದ ಬರುವಾಗ ಕಾರನ್ನು ಏರಿಯ ತಿರುವಿನಲ್ಲಿ ನಿಲ್ಲಿಸಿ ಇಬ್ಬರನ್ನೂ ಹತ್ತಿಸಿಕೊಳ್ಳುತ್ತಿದ್ದೆ. ಕಾರಿನೊಳಗೂ ಅದೇ ಮಾತು.

ಬಾತು ಯಾವಾಗ ಬರುತ್ತದೆ ಎನ್ನುವುದರಲ್ಲಿ ಇಬ್ಬರದೂ ಬೇರೆ ಬೇರೆ ಶಾಸ್ತ್ರ. ಮಾವನ ಪ್ರಕಾರ ಅವರೆ ಗಿಡ ನೋಡಬೇಕು. ಇಬ್ಬನಿ ಬಿದ್ದು ಅವರೆಕಾಯಿಗೆ ಸೊಗಡು ಹಿಡಿಯಿತೆಂದರೆ ಆ ವಾರವೇ ಬಾತು ಇಳಿಯಬೇಕು. ಅಪ್ಪನ ಪ್ರಕಾರ ಗಾಳಿ ನೋಡಬೇಕು. ಮೂಡಲ ಗಾಳಿ ನಿಂತು ಬಡಗಲ ಗಾಳಿ ತಿರುಗಿದ ಮೂರನೆಯ ದಿನಕ್ಕೆ ಬಾತು ಬಂತೆಂದೇ ಅರ್ಥ.

ಆ ವರ್ಷ ಎರಡು ಶಾಸ್ತ್ರವೂ ಕೈಕೊಟ್ಟವು. ಬಂಗಾಳಕೊಲ್ಲಿಯಲ್ಲಿ ಒಂದು ಸೈಕ್ಲೋನು ಎದ್ದಿತು. ಅದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ನಮ್ಮಲ್ಲಿ ಬೆಳಗಾದರೆ ಮೋಡ, ಮಧ್ಯಾಹ್ನ ಸೋನೆ. ಕೊಯ್ದು ಹಾಕಿದ ಭತ್ತದ ಮೇಲೆ ನೀರು ನಿಂತು, ಊರವರೆಲ್ಲ ಟಾರ್ಪಾಲು ಹಿಡಿದುಕೊಂಡು ಓಡಾಡಿದರು. ಆಲೆಮನೆಯಲ್ಲಿ ಸೌದೆ ಒದ್ದೆಯಾಗಿ ಬೆಲ್ಲದ ಒಲೆ ಹೊಗೆಯಾಡುತ್ತಿತ್ತು. ಕೆರೆ ತುಂಬಿ ಕೋಡಿ ಬಿತ್ತು. ಅವರೆ ಹೂ ಉದುರಿ ಹೋಯಿತು. ಗಾಳಿ ಒಂದು ದಿನ ಮೂಡಲಿಂದ, ಇನ್ನೊಂದು ದಿನ ತೆಂಕಲಿಂದ. ಬಡಗಲಿಂದ ಮಾತ್ರ ಇಲ್ಲ.

"ಗಾಳಿ ತಿರುಗ್ಲಿ, ತಡೀರಿ" ಎನ್ನುತ್ತಿದ್ದ ಅಪ್ಪ.

"ಎಲ್ ತಿರುಗ್ತದೆ? ಟೀವಿಯಲ್ಲಿ ಇನ್ನೊಂದ್ ಸುತ್ಕೊಂಡ್ ಬತ್ತಾ ಅದಂತೆ" ಎನ್ನುತ್ತಿದ್ದರು ಮಾವ.

ಬಾತು ಬರದಿದ್ದರೂ ಕಲ್ಲಿನ ಮೇಲೆ ಕೂರುವುದು ಅವರು ನಿಲ್ಲಿಸಲಿಲ್ಲ. ಒಂದು ದೊಡ್ಡ ಛತ್ರಿ, ಫ್ಲಾಸ್ಕಿನಲ್ಲಿ ಕಾಫಿ. ಒಂದು ಸಂಜೆ ನಾನೂ ಹೋಗಿ ಅವರ ಜೊತೆ ಕೂತೆ. ಕೆರೆಯ ಉದ್ದಕ್ಕೂ ನೀರು, ಬರೀ ನೀರು.

"ಇಷ್ಟು ನೀರಿದೆ, ಬಾತಿಗೆ ಒಳ್ಳೆಯದಲ್ವಾ?" ಎಂದು ಕೇಳಿದೆ.

ಇಬ್ಬರೂ ಒಟ್ಟಿಗೆ ನಕ್ಕರು. ಅಪ್ಪ ಹೇಳಿದ: "ಬಾತೇನು ಈಜಾಕೆ ಬತ್ತದಾ ಮಗ? ತಿನ್ನಾಕೆ ಬತ್ತದೆ. ಬಾಲ ಮೇಲೆತ್ತಿ, ತಲೆ ಕೆಳಕ್ ಆಕ್ದಾಗ ಕೊಕ್ಕು ಕೆಸರಿಗೆ ಎಟುಕ್ಬೇಕು. ಈ ಸಮುದ್ರದಲ್ಲಿ ಎಟುಕದಾ?"

"ನೀರು ಇಳೀಬೇಕು ಕಣವ್ವ" ಎಂದರು ಮಾವ. ಈ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ನನಗೆ ಸಂತೋಷವಾಯಿತು. ಅದೇ ಸಂತೋಷದಲ್ಲಿ ನಾನು ಕೇಳಬಾರದ ಪ್ರಶ್ನೆ ಕೇಳಿಬಿಟ್ಟೆ.

"ಮಾವ, ನೀವು ಕೋವಿ ಇಲ್ಲದೆ ಬಾತು ಹೆಂಗೆ ಹಿಡೀತಿದ್ರಿ? ಅಪ್ಪನಿಗೆ ಹೇಳಿ."

ಮಾವ ಕಾಲು ಮಡಚಿ ಕೂತರು. "ಅದಕ್ಯಾಕವ್ವ ಕೋವಿ? ಢಂ ಅಂದ್ರೆ ಒಂದ್ ಬಾತು ಬೀಳ್ತದೆ, ಇಡೀ ಕೆರೆ ಖಾಲಿಯಾಯ್ತದೆ. ನಮ್ದು ಮಡಕೆ. ನಾಕು ಖಾಲಿ ಮಡಕೆಯ ಕೆರೆಗೆ ತೇಲಿಬುಡಾದು. ಮೊದಮೊದ್ಲು ಬಾತುಗೋಳು ಅನುಮಾನ ಪಡ್ತವೆ. ಆಮೇಕೆ ಮಡಕೆ ಪಕ್ಕದಲ್ಲೇ ತೂಕಡಿಸ್ತವೆ. ಆಗ ಇನ್ನೊಂದ್ ಮಡಕೆಗೆ ಕಣ್ಣಿನ್ ತಾವ ಎರಡು ತೂತು ಕೊರೆದು, ತಲೆಗೆ ಕವುಚ್ಕೊಂಡು, ಕತ್ತುದ್ದ ನೀರಲ್ಲಿ ಮೆತ್ಗೆ ನಡ್ಕೊಂಡ್ ಓಗಾದು. ನೀರೊಳಗಿಂದ್ಲೇ ಕಾಲ್ ಇಡ್ಕೊಂಡ್ ಎಳೆದ್ರೆ, ಪಕ್ಕದ್ ಬಾತಿಗೂ ಗೊತ್ತಾಗಕಿಲ್ಲ."

ಅಪ್ಪ ಕಪ್ಪು ಕನ್ನಡಕ ತೆಗೆದು ಮಾವನನ್ನು ನೋಡಿದ. ಆಮೇಲೆ ನಗಲು ಶುರುಮಾಡಿದ. ಅಪ್ಪನ ನಗು ಸಣ್ಣದಲ್ಲ. ನಮ್ಮೂರಲ್ಲಿ ಅದನ್ನು ಕೇಳಿ ಹಸುಗಳು ಕಿವಿ ನಿಮಿರಿಸುತ್ತವೆ.

"ಬೀಗ್ರೇ, ಇದ ಮೊಮ್ಮಕ್ಕಳಿಗೆ ಯೋಳಿ, ಮಲೀಕತವೆ. ನಾನೂ ಬೇಟೆ ಆಡ್ದೋನು. ಅಷ್ಟು ದೂರದಲ್ಲಿ ಜೊಂಡು ಅಲ್ಲಾಡುದ್ರೆ ಏಳೋ ಹಕ್ಕಿ, ನಿಮ್ ಮಡಕೆ ಪಕ್ಕ ಕುಂತು ಕಾಲು ಕೊಡ್ತದಾ?"

"ನಾನ್ ಸುಳ್ ಯೋಳ್ತೀನಾ?"

"ಸುಳ್ಳು ಅಂತ ನಾನೆಲ್ ಅಂದೆ? ಕತೆ ಚೆನ್ನಾಗದೆ ಅಂದೆ."

ಮಾವ ಟವೆಲ್ಲು ಕೊಡವಿ ಎದ್ದರು. ನಾನು ಕಾರಿಗೆ ಹತ್ತಿ ಎಂದರೂ ಹತ್ತದೆ, ಸೋನೆಯಲ್ಲೇ ನಡೆದು ಮನೆಗೆ ಬಂದರು. ಊಟಕ್ಕೆ ಅಪ್ಪನಿಗೆ ಬೆನ್ನು ಮಾಡಿ ಕೂತು ರಾಗಿಮುದ್ದೆ ಮುರಿದರು. ಮರುದಿನ ಅಪ್ಪ ಒಬ್ಬನೇ ಏರಿಗೆ ಹೋದ. ಮಾವ ಆಲೆಮನೆಯಲ್ಲಿ ಕೂತರು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಗದರಿದರು.

"ಅವ್ರಿಬ್ರೂ ಮಾತಾಡ್ತಿದ್ದುದ್ದ ನೋಡಿ ಮನೆ ಮನೆಯಂಗಿತ್ತು ಕಣಮ್ಮಿ. ನೀನು ಯಾಕ್ ಬಾಯಿ ಆಕಾಕೋದೆ? ನೀನೇ ಸರಿ ಮಾಡು."

ಸರಿ ಮಾಡಲು ನನಗೆ ಹೊಳೆದದ್ದು ಒಂದೇ. ಭಾನುವಾರ ಎಲ್ಲರನ್ನೂ ಕಾರಿನಲ್ಲಿ ಹಾಕಿಕೊಂಡು ಬಾತು ಹುಡುಕಲು ಹೊರಡುವುದು. ಬಾತು ನಮ್ಮ ಕೆರೆಗೆ ಬಂದಿಲ್ಲ ಎಂದರೆ ಇನ್ನೆಲ್ಲೋ ಇಳಿದಿರಬೇಕಲ್ಲ? ಬಾತಿನ ಹೆಸರೆತ್ತಿದ್ದೇ ತಡ, ಮಾವ ತುಟಿ ಬಿಗಿದುಕೊಂಡೇ ಶರಟು ಹಾಕಿಕೊಂಡರು. ಅತ್ತೆ ಮಾತ್ರ ಷರತ್ತು ಹಾಕಿದರು: ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಹಣ್ಣುಕಾಯಿ ಮಾಡಿಸುವುದಾದರೆ ಬರುತ್ತೇನೆ, ಬರೀ ಕೆರೆ ನೋಡಲು ನನಗೇನು ಹುಚ್ಚೇ ಎಂದು. ಗಂಡ, ಮನೆಯಲ್ಲಿ ಯಾರಾದರೂ ಹಾಲು ಕರೆಯಬೇಕಲ್ಲ ಎಂದು ಜಾಣತನದಿಂದ ತಪ್ಪಿಸಿಕೊಂಡ.

ಅಪ್ಪ ಮುಂದೆ, ಅತ್ತೆ ಮಾವ ಹಿಂದೆ. ಮಂಡ್ಯ ದಾಟುವವರೆಗೂ ಅತ್ತೆಯದೊಂದೇ ದನಿ. ಮದ್ದೂರಿನ ಹತ್ತಿರ ಒಂದು ಕೆರೆ ಕಂಡಿತು. ರಸ್ತೆ ಬದಿಗೆ ಕಾರು ನಿಲ್ಲಿಸಿದ್ದೇ, ಮಾವ ಕಿಟಕಿಯಿಂದ ಅರ್ಧ ಹೊರಗೆ ಬಂದು, "ಅಗೋ! ಅಗೋ ಬಾತು! ಇಂಡು ಇಂಡೇ ಅವೆ!" ಎಂದು ಕೂಗಿದರು.

ಅಪ್ಪ ಇಳಿದು, ಹೊಸ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಕಪ್ಪನೆಯ ಹಕ್ಕಿಗಳು ನೀರಿನ ಮೇಲೆ ತಲೆಯಾಡಿಸುತ್ತಿದ್ದವು.

"ಬೀಗ್ರೇ, ಮೂತಿ ನೋಡಿ. ಬಿಳೀ ನಾಮ ಇಕ್ಕೊಂಡವೆ. ನಾಮದ ಕೋಳಿ ಅವು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮಾವ ಸ್ವಲ್ಪ ಹೊತ್ತು ನೋಡಿ, "ಊ, ನಾಮದ ಕೋಳಿನೇಯ" ಎಂದು ಒಪ್ಪಿ ಕೂತರು. ತಪ್ಪೊಪ್ಪಿಕೊಂಡದ್ದಕ್ಕೋ ಏನೋ, ಅಪ್ಪ ಕಾರು ಹತ್ತುವಾಗ, "ದೂರಕ್ಕೆ ನನಗೂ ಅಂಗೇ ಕಂಡ್ವು ಬುಡಿ" ಅಂದ. ಅದು ಸುಳ್ಳು. ನನಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಆದರೂ ಹಿಂದಿನ ಸೀಟಿನಿಂದ ಒಂದು ಎಲೆ ಅಡಿಕೆ ಮುಂದಕ್ಕೆ ಬಂತು.

ನನ್ನ ತವರಿನ ಕೆರೆಯಲ್ಲೂ ಬಾತಿರಲಿಲ್ಲ. ಅಲ್ಲೂ ಕೋಡಿಯವರೆಗೆ ನೀರು. ಅವ್ವ ಎಲ್ಲರಿಗೂ ಉಪ್ಪೆಸರು ಮುದ್ದೆ ಬಡಿಸಿ, "ಹೊಲ ಗದ್ದೆ ಬುಟ್ಟು ಬಾತು ಉಡುಕ್ಕೊಂಡ್ ಬಂದವ್ರಲ್ಲ, ಇವ್ರಿಗೇನ್ ಬಂದದವ್ವ" ಎಂದು ಅತ್ತೆಯ ಹತ್ತಿರ ದೂರಿದಳು. ಅಲ್ಲಿಂದ ಕಾಡಿನ ರಸ್ತೆ ಇಳಿದು ಮುತ್ತತ್ತಿಗೆ ಹೋದೆವು.

ಕಾವೇರಿ ಕೆಂಪಗೆ ಹರಿಯುತ್ತಿದ್ದಳು. ಪೂಜೆ ಮುಗಿಸಿ ಮೆಟ್ಟಿಲ ಹತ್ತಿರ ನಿಂತು ನೀರು ನೋಡುತ್ತಿದ್ದಾಗ, ಹಿಂದಿನಿಂದ ಬಂದ ಒಂದು ಕೋತಿ ಅಪ್ಪನ ಹೆಗಲಿಗೆ ಹಾರಿ, ಕಪ್ಪು ಕನ್ನಡಕ ಕಿತ್ತುಕೊಂಡು ಮರ ಹತ್ತಿತು. ಬಿಸಿಲು ಆಗಷ್ಟೇ ಮೋಡದಿಂದ ಹೊರಬಿದ್ದಿತ್ತು. ಅಪ್ಪ ಕಣ್ಣಿಗೆ ಕೈ ಮುಚ್ಚಿಕೊಂಡು ಕೂತುಬಿಟ್ಟ. ನಾನು ಗಾಬರಿಯಾದೆ; ಡಾಕ್ಟರು ಬಿಸಿಲು ತಾಗಿಸಬೇಡಿ ಎಂದಿದ್ದರು. ಅತ್ತೆ "ಆಂಜನೇಯ, ಆಂಜನೇಯ" ಎಂದು ಕೈ ಮುಗಿಯತೊಡಗಿದರು.

ಮಾವ ಮೊದಲು ಮಾಡಿದ್ದು, ತಲೆಯ ಟವೆಲ್ಲು ಬಿಚ್ಚಿ ಅಪ್ಪನ ತಲೆಯ ಮೇಲಿಂದ ಮುಖಕ್ಕೆ ಇಳಿಬಿಟ್ಟದ್ದು. ಆಮೇಲೆ ಪ್ರಸಾದದ ಕಾಯಿ ಹೋಳು ತೆಗೆದುಕೊಂಡು ಮರದ ಕೆಳಗೆ, ಕೋತಿಗೆ ಬೆನ್ನು ತಿರುಗಿಸಿ ಕುಕ್ಕರಗಾಲಿನಲ್ಲಿ ಕೂತರು. ಕಾಯಿಯನ್ನು ತಮಗೇ ತಿನ್ನಲು ಎಂಬಂತೆ ಒಂದೊಂದೇ ಚೂರು ಮಾಡತೊಡಗಿದರು. ಮೇಲೆ ನೋಡಲೇ ಇಲ್ಲ. ಸುತ್ತ ಜನ ಸೇರಿದರು. ಒಬ್ಬರು ಕಲ್ಲು ಎತ್ತಿಕೊಂಡರೆ ಮಾವ ಕೈಸನ್ನೆಯಲ್ಲೇ ತಡೆದರು. ಕೋತಿ ಒಂದು ಕೊಂಬೆ ಇಳಿಯಿತು. ಇನ್ನೊಂದು ಇಳಿಯಿತು. ಕೊನೆಗೆ ಮಾವನ ಪಕ್ಕಕ್ಕೇ ಬಂದು, ಕನ್ನಡಕ ಕೆಳಗೆ ಹಾಕಿ, ಎರಡೂ ಕೈಯಿಂದ ಕಾಯಿ ಹೋಳು ಎತ್ತಿಕೊಂಡು ಹೋಯಿತು.

ಮಾವ ಕನ್ನಡಕವನ್ನು ಪಂಚೆಗೆ ಒರೆಸಿ ಅಪ್ಪನಿಗೆ ಕೊಟ್ಟರು. "ಇಷ್ಟೇ ಬೀಗ್ರೇ. ಪ್ರಾಣಿ ಮುಂದೆ ನಾವು ಅಲ್ಲಿಲ್ಲ ಅನ್ನಂಗಿರಬೇಕು."

ಬರುವಾಗ ಅಪ್ಪ ಮಾವನಿಗೆ ಮುಂದಿನ ಸೀಟು ಬಿಟ್ಟುಕೊಟ್ಟು, ಅತ್ತೆಯ ಪಕ್ಕ, ಹಣ್ಣುಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಮರುದಿನದಿಂದ ಇಬ್ಬರೂ ಮತ್ತೆ ಏರಿಯ ಮೇಲೆ. ಆದರೆ ಮಡಕೆಯ ಮಾತು ಯಾರೂ ಎತ್ತಲಿಲ್ಲ. ಅಪ್ಪ ನಂಬಿದನೆಂದು ಹೇಳಲಿಲ್ಲ, ಮಾವ ನಂಬಿ ಎಂದು ಕೇಳಲಿಲ್ಲ.

ಎಡಗಣ್ಣಿನ ಪೊರೆಯನ್ನೂ ತೆಗೆಸಿ ಬಂದ ಮೇಲೆ ಅಪ್ಪ ಊರಿಗೆ ಹೋಗಬಹುದಿತ್ತು, ಅವನೇ ಬೇಡವೆಂದ. "ಬಾತು ನೋಡದೆ ಎಂಗ್ ಓಗಾದು ಮಗ?" ಸಂಕ್ರಾಂತಿಯ ಹೊತ್ತಿಗೆ ಸೈಕ್ಲೋನುಗಳು ಮುಗಿದವು. ಆಕಾಶ ತೊಳೆದಿಟ್ಟಂತಾಯಿತು. ಬೆಳಗಿನ ಹೊತ್ತು ಬಾಯಿ ಬಿಟ್ಟರೆ ಹೊಗೆ ಬರುವ ಚಳಿ. ಬೇಸಿಗೆ ಬೆಳೆಗೆಂದು ತೂಬು ಎತ್ತಿದ್ದರು. ಕೆರೆಯ ನೀರು ದಿನಾ ಒಂದಿಷ್ಟು ಹಿಂದೆ ಸರಿದು, ಅಂಗಳದ ಕೆಸರು ತೋರಿಸತೊಡಗಿತು. ಎರಡನೆಯ ಸಲ ಹೂ ಬಿಟ್ಟಿದ್ದ ಅವರೆಗೆ ಕಾಯಿ ಕಚ್ಚಿತು. ಒಂದು ಬೆಳಿಗ್ಗೆ ಹಿತ್ತಲಲ್ಲಿ ನಿಂತ ಅಪ್ಪ, ನೆಕ್ಕಿದ ಬೆರಳನ್ನು ಗಾಳಿಗೆ ಹಿಡಿದು, "ಬಡಗಲು!" ಎಂದು ಕೂಗಿದ.

"ಸೊಗಡೂ ಇಡಿದದೆ" ಎಂದು ಮಾವ ಒಳಗಿನಿಂದ ಅವರೆಕಾಯಿ ಮೂಸುತ್ತಾ ಬಂದರು. ಯಾರ ಶಾಸ್ತ್ರ ಗೆದ್ದಿತೆಂದು ಇವತ್ತಿಗೂ ಹೇಳಲಾಗದು.

ಬಾತು ಬಂದದ್ದನ್ನು ಮೊದಲು ಕಂಡವಳು ನಾನು. ಆ ವಾರದಲ್ಲೇ ಒಂದು ದಿನ ಕೆಲಸಕ್ಕೆ ಹೊರಟಿದ್ದೆ. ಏರಿಯ ತಿರುವಿನಲ್ಲಿ ಕಿಟಕಿಯ ಗಾಜು ಇಳಿಸಿದರೆ ಕೆರೆಯ ಅಂಚೆಲ್ಲ ಕಲಕಲ. ನೂರಾರು ಹಕ್ಕಿ. ಕಂದು ತಲೆ, ಬಿಳಿ ಕತ್ತು, ಬರೆಯುವ ಮಸಿಕಡ್ಡಿಯಂತೆ ಹಿಂದಕ್ಕೆ ಚಾಚಿದ ಬಾಲ. ಅರ್ಧಕ್ಕರ್ಧ ಹಕ್ಕಿ ತಲೆಕೆಳಗಾಗಿ ಬಾಲವನ್ನಷ್ಟೇ ತೋರಿಸುತ್ತಿದ್ದವು. ನಾನು ಕಾರು ತಿರುಗಿಸಿಕೊಂಡು ಮನೆಗೆ ಬಂದು, ಹಾರ್ನು ಒತ್ತಿದೆ. ಇಬ್ಬರೂ ಚಪ್ಪಲಿ ಹಾಕಿಕೊಳ್ಳದೆ ಓಡಿಬಂದರು. ಏರಿಯ ಮೇಲೆ ನಿಂತು ಇಬ್ಬರೂ ನೋಡಿದ್ದೇ ನೋಡಿದ್ದು. ಅಪ್ಪ ಎರಡೂ ಕಣ್ಣನ್ನು ಒಂದೊಂದಾಗಿ ಮುಚ್ಚಿ ತೆಗೆದು ನೋಡುತ್ತಿದ್ದ.

"ಹೊಡೀತಿದ್ದಾಗ ಇವುಗಳ ಬಣ್ಣನೇ ಸರಿಯಾಗಿ ನೋಡಿರ್ನಿಲ್ಲ ಬೀಗ್ರೇ" ಅಂದ. "ಬಿದ್ಮೇಲೆ ಪುಕ್ಕ ಕೀಳಾ ಅವಸರ."

"ತಿಂದದ್ದಾಯ್ತು. ಈಗ ನೋಡುಮ" ಎಂದರು ಮಾವ.

ಅದೇ ದಿನಗಳಲ್ಲಿ ಅತ್ತೆಯ ಮಡಕೆಗಳು ಕಾಣೆಯಾದವು. ಬೇಸಿಗೆಗೆ ನೀರು ತುಂಬಿಡಲು ಅಟ್ಟದ ಮೇಲೆ ಕವುಚಿಟ್ಟಿದ್ದ ಮಡಕೆಗಳು. ಅತ್ತೆ ಕೆಲಸದವಳನ್ನು ಕೇಳಿದರು, ಪಕ್ಕದ ಮನೆಯವರನ್ನು ಕೇಳಿದರು. ಯಾರಿಗೂ ಗೊತ್ತಿಲ್ಲ. ಎರಡು ದಿನಕ್ಕೆ ಊರಲ್ಲಿ ಇನ್ನೊಂದು ಸುದ್ದಿ ಎದ್ದಿತು. ಕೆರೆಯ ಮೀನು ಗುತ್ತಿಗೆ ಹಿಡಿದವನು ತೆಪ್ಪ ಇಳಿಸಲು ಹೋಗಿ ಬೆಚ್ಚಿಬಿದ್ದು ವಾಪಸು ಬಂದಿದ್ದ. ಅತ್ತೆ ನನ್ನ ಕಿವಿಯಲ್ಲಿ ಹೇಳಿದರು:

"ಕೆರೇಲಿ ಯಾರೋ ಮಾಟ ಮಾಡ್ಸಿ ಮಡಕೆ ತೇಲಿಬುಟ್ಟವ್ರಂತೆ ಕಣಮ್ಮಿ. ಮೀನೆಲ್ಲ ಸಾಯ್ಲಿ ಅಂತ. ಆ ಕಡೀಕ್ ಓಗಬ್ಯಾಡ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

"ಎಲ್ ಓದ್ರು ನಿಮ್ ಮಾವ?"

ಅವತ್ತು ಭಾನುವಾರ. ನಾನೂ ಅತ್ತೆಯೂ ಏರಿ ಹತ್ತುವಾಗ ಅಪ್ಪ ಚಪ್ಪಡಿ ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಮಾವನ ಶರಟು, ಪಂಚೆ, ವಾಚು.

"ಅಪ್ಪ, ಮಾವ ಎಲ್ಲಿ?"

ಅಪ್ಪ ತುಟಿಗೆ ಬೆರಳಿಟ್ಟು ಕೆರೆ ಕಡೆ ತೋರಿಸಿದ. ಬಾತುಗಳು ದಡದಿಂದ ಸ್ವಲ್ಪ ಆಚೆಯ ನೀರಿನಲ್ಲಿ ಗುಂಪಾಗಿ ಬಿಸಿಲು ಕಾಯುತ್ತಿದ್ದವು. ಅವುಗಳ ನಡುವೆ ಅಲ್ಲಲ್ಲಿ ಮಡಕೆಗಳು. ಎಲ್ಲವೂ ಗಾಳಿಗೆ ಒಂದೇ ದಿಕ್ಕಿಗೆ ಅಲ್ಲಾಡುತ್ತಿದ್ದರೆ, ಒಂದು ಮಾತ್ರ ಗಾಳಿಗೆ ಎದುರಾಗಿ, ಬಹಳ ನಿಧಾನವಾಗಿ ಬರುತ್ತಿತ್ತು.

ಅತ್ತೆ ಬಾಯಿ ತೆರೆದರು. ನಾನು ಗಟ್ಟಿಯಾಗಿ ಅವರ ಕೈ ಹಿಡಿದುಕೊಂಡೆ. ಕೂಗಿದರೆ ಮಾವ ಬೆಚ್ಚಿ ಎಡವಿದರೇನು ಗತಿ ಎಂಬ ಭಯ ನನಗೆ. ಅಲ್ಲಿ ಎದೆಮಟ್ಟದ ನೀರಷ್ಟೇ ಎಂದು ಅಪ್ಪ ಪಿಸುಗುಟ್ಟಿದ. ಮಾವ ಮಂಡಿ ಬಗ್ಗಿಸಿ ಕುಳ್ಳಾಗಿ ನಡೆಯುತ್ತಿದ್ದರಂತೆ. ಹಗ್ಗದ ಒಂದು ತುದಿ ಮಾವನ ಸೊಂಟದಲ್ಲಿ, ಇನ್ನೊಂದು ಅಪ್ಪನ ಕೈಯಲ್ಲಿ ಇದ್ದದ್ದನ್ನು ಆಗ ನೋಡಿದೆ. ಅಪ್ಪನನ್ನು ಅವರು ಬೆಳಿಗ್ಗೆಯೇ ಕರೆತಂದು, "ಇಡ್ಕಳಿ, ನೋಡ್ಕಳಿ" ಎಂದಷ್ಟೇ ಹೇಳಿ ನೀರಿಗಿಳಿದಿದ್ದರು.

ಮಡಕೆ ಗುಂಪಿನ ಅಂಚಿಗೆ ಬಂತು. ಒಂದು ಬಾತು ಕತ್ತು ತಿರುಗಿಸಿ ನೋಡಿ, ಮತ್ತೆ ಕೊಕ್ಕನ್ನು ರೆಕ್ಕೆಯೊಳಗೆ ಸಿಕ್ಕಿಸಿಕೊಂಡಿತು. ಮಡಕೆ ಇನ್ನೂ ಒಳಗೆ ಹೋಯಿತು. ಈಗ ಸುತ್ತಲೂ ಬಾತು. ಎರಡು ಹಕ್ಕಿ ಮಡಕೆಗೆ ಮೈ ಉಜ್ಜುವಷ್ಟು ಹತ್ತಿರ ತೇಲಿಹೋದವು. ಕೈ ಚಾಚಿದರೆ ಸಾಕಿತ್ತು. ಮಾವ ಚಾಚಲಿಲ್ಲ. ಮಡಕೆ ಅಲ್ಲೇ ನಿಂತುಬಿಟ್ಟಿತು.

ಅಪ್ಪ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಿಜ ಕಣವ್ವ" ಎಂದ, ನನಗಲ್ಲ, ಅತ್ತೆಗೆ. "ಬೀಗ್ರು ಯೋಳಿದ್ದು ನಿಜ ಕಣವ್ವ."

ಆಗ ಎಲ್ಲಿಂದಲೋ ನೀಲಿಯದೊಂದು ಗೆರೆ ನೀರಿನ ಮೇಲೆ ಹಾದು ಬಂತು. ಮಿಂಚುಳ್ಳಿ. ಅದು ಒಂದು ಸುತ್ತು ಹಾಕಿ, ಅಷ್ಟು ಮಡಕೆಗಳಲ್ಲಿ ಮಾವನ ತಲೆಯ ಮೇಲಿದ್ದ ಮಡಕೆಯನ್ನೇ ಆರಿಸಿಕೊಂಡು ಕೂತಿತು. ಕೂತು, ನೀರಿನೊಳಗೆ ಮೀನು ಇದೆಯೇ ಎಂದು ಆಚೆಗೊಮ್ಮೆ ಈಚೆಗೊಮ್ಮೆ ಇಣುಕಿತು. ಆಮೇಲೆ ಬಾಲ ಎತ್ತಿ, ಮಡಕೆಯ ಮೇಲೆ ಬೆಳ್ಳಗೆ ಹಿಕ್ಕೆ ಹಾಕಿತು.

ಅಪ್ಪ ತಡೆದುಕೊಂಡ. ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ತಡೆದುಕೊಂಡ. ಆಮೇಲೆ ಆಗಲಿಲ್ಲ. ಆ ನಗು ಕೆರೆಯ ಮೇಲೆ ಸಿಡಿದದ್ದೇ, ಕೋವಿ ಹಾರಿಸಿದರೂ ಅಷ್ಟಾಗುತ್ತಿರಲಿಲ್ಲ, ಇಡೀ ಹಿಂಡು ಒಮ್ಮೆಗೇ ಎದ್ದಿತು. ನೀರು ಕುದಿದಂತಾಯಿತು. ಬಾತುಗಳು ನಮ್ಮ ತಲೆಯ ಮೇಲೇ ಹಾದವು. ಆ ರೆಕ್ಕೆಗಾಳಿಗೆ ಅತ್ತೆಯ ಸೆರಗು ಹಾರಿತು. ಕೆಳಗೆ ಮಡಕೆ ಎತ್ತಿಕೊಂಡು ನಿಂತ ಮಾವ, ಎದೆಯವರೆಗೂ ನೀರಿನಲ್ಲಿ, ಕೆಸರು ಮೆತ್ತಿದ ಮುಖ ಮೇಲೆತ್ತಿ ನೋಡುತ್ತಿದ್ದರು.

"ನಗಾಕೆ ಇದೇ ಒತ್ತಾ ನಿಮ್ಗೆ?" ಎಂದು ಅಲ್ಲಿಂದಲೇ ಕೂಗಿದರು.

"ಮಾತು ವಾಪಸ್ ತಕ್ಕಂಡೆ ಬೀಗ್ರೇ!" ಎಂದು ಅಪ್ಪ ನಗುತ್ತಲೇ ಹಗ್ಗ ಎಳೆಯತೊಡಗಿದ. "ವಾಪಸ್ ತಕ್ಕಂಡೆ! ಬನ್ನಿ, ಬನ್ನಿ ಮೇಲೆ!"

ದಡ ಹತ್ತಿದ ಮಾವನಿಗೆ ಅತ್ತೆಯಿಂದ ಸಿಕ್ಕಿದ ಮಂಗಳಾರತಿಯನ್ನು ಬರೆಯುವುದಿಲ್ಲ. ಈ ವಯಸ್ಸಿನಲ್ಲಿ, ಈ ಚಳಿಯಲ್ಲಿ, ನನ್ನ ಮಡಕೆಯಲ್ಲಿ ಎಂದು ಶುರುವಾದದ್ದು ಮನೆಯ ಬಚ್ಚಲವರೆಗೂ ನಡೆಯಿತು. ಬಿಸಿನೀರು ಹುಯ್ದು, ಎದೆಗೆ ಎಣ್ಣೆ ಉಜ್ಜಿ, ಮೆಣಸು ಜಾಸ್ತಿ ಹಾಕಿದ ನಾಟಿಕೋಳಿ ಸಾರು ಮಾಡಿ ಬಡಿಸಿದರು. ಮಾವನಿಗೆ ಎರಡು ದಿನ ನೆಗಡಿ. ಆ ಎರಡೂ ದಿನ ಅಪ್ಪ ಹಾಸಿಗೆಯ ಪಕ್ಕ ಕೂತು, ಏರಿಯಿಂದ ತಾನು ಕಂಡದ್ದನ್ನೆಲ್ಲ ಬಂದವರಿಗೆ ಹೇಳಿದ. ಮೀನಿನವನು ಬಂದಾಗಲೂ ಹೇಳಿದ. ಅವನು, "ಮಾಟ ಅಲ್ವಲ್ಲ, ಅಷ್ಟ್ ಸಾಕು ಬುಡಿ" ಎಂದು ಎದ್ದುಹೋದ. ಹೇಳಿದ ಒಂದೊಂದು ಸಲವೂ ಬಾತುಗಳು ಮಡಕೆಗೆ ಇನ್ನಷ್ಟು ಹತ್ತಿರವಾಗುತ್ತಿದ್ದವು. ಮಾವ ಕಂಬಳಿಯೊಳಗಿಂದ ಮೂಗೊರೆಸಿಕೊಳ್ಳುತ್ತಾ ಒಂದನ್ನೂ ತಿದ್ದಲಿಲ್ಲ.

ಬಾತುಗಳು ಆ ಭಾನುವಾರ ಸಂಜೆಗೇ ಅದೇ ನೀರಿಗೆ ಇಳಿದಿದ್ದವು. ಮುಂದಿನ ವಾರಗಳಲ್ಲಿ ಇಬ್ಬರೂ ಕಲ್ಲಿನ ಮೇಲೆ ಕೂತು ಅವುಗಳನ್ನು ನೋಡಿದರು. ಮಡಕೆಗಳನ್ನು ಅತ್ತೆ ತೆಪ್ಪ ಕಳಿಸಿ ತರಿಸಿಕೊಂಡರು.

ಶಿವರಾತ್ರಿ ಹತ್ತಿರ ಬಂದಾಗ ಬಿಸಿಲು ಚುರುಗುಟ್ಟಿತು, ಹಿಂಡು ತೆಳುವಾಯಿತು. ಅಣ್ಣ ದಿನಾ ಫೋನು ಮಾಡಿ ಅಪ್ಪನನ್ನು ಕಳಿಸು ಎನ್ನುತ್ತಿದ್ದ. ಒಂದು ಭಾನುವಾರ ಅಪ್ಪನ ಚೀಲವನ್ನು ಕಾರಿನಲ್ಲಿಟ್ಟು, ಅವನನ್ನು ಕೂರಿಸಿ, ಕಾರು ಹೊರಡಿಸಬೇಕು ಎನ್ನುವಾಗ ಹಿಂದಿನ ಬಾಗಿಲು ತೆರೆಯಿತು. ಮಾವ ಒಗೆದ ಪಂಚೆ ಉಟ್ಟು, ಕೈಯಲ್ಲೊಂದು ಸಣ್ಣ ಚೀಲ ಹಿಡಿದು ಹತ್ತಿ ಕೂತರು.

"ನೀವೆಲ್ಲಿಗೆ ಮಾವ?"

"ಬೀಗ್ರ ಕೆರೇಲಿ ನೀರು ಇಳಿದದಂತೆ. ಒಂದ್ನಾಕು ದಿನ ನೋಡ್ಕೊಂಡ್ ಬತ್ತೀನಿ."

ಅತ್ತೆ ಬಾಗಿಲಲ್ಲಿ ನಿಂತು, "ಓಗ್ಲಿ ಬುಡು, ಮನೇಲಿ ಒಸಿ ದಿನ ನಿಶ್ಶಬ್ದವಾಗಿರ್ತದೆ" ಎಂದರು.

ನಾಲ್ಕು ದಿನವೆಂದು ಹೋದವರು ಹದಿನೈದು ದಿನ ಉಳಿದರು. ಅಣ್ಣ ಒಂದು ಸಂಜೆ ಫೋಟೋ ಕಳಿಸಿದ. ನನ್ನ ತವರಿನ ಕೆರೆ ಏರಿ, ಕಲ್ಲಿನ ಮೇಲೆ ಬೆನ್ನು ಮಾಡಿ ಕೂತ ಇಬ್ಬರು, ನಡುವೆ ಒಂದು ಫ್ಲಾಸ್ಕು. ಅತ್ತೆ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಬಾತೆಲ್ಲಮ್ಮಿ? ಒಂದೂ ಕಾಣಾಕಿಲ್ವಲ್ಲ."

"ಹಾರಿ ಹೋಗಿರ್ತವೆ ಅತ್ತೆ. ಕಾಲ ಮುಗೀತಲ್ಲ."

"ಮತ್ತಿವ್ರು ಯಾಕಿನ್ನೂ ಕುಂತವ್ರೆ?" ಎಂದು ಅತ್ತೆ ಫೋನು ನನ್ನ ಕೈಗೆ ಕೊಟ್ಟು, ಅವರೆಕಾಳು ಬಿಡಿಸಲು ಕೂತರು.